ಬಾಟಲಿಗೆ ಲೆಕ್ಕವಿದೆ, ಟೇಬಲ್ಲಿಗಿಲ್ಲ

(ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

2020ರ ಮೇ 4, ಸೋಮವಾರ. ಆ ಬೆಳಿಗ್ಗೆ ನಿಮ್ಮಲ್ಲಿ ಬಹಳ ಜನರಿಗೆ ನೆನಪಿರುತ್ತದೆ. ಕೋವಿಡ್ ಲಾಕ್‌ಡೌನಿನಲ್ಲಿ 40 ದಿನ ಮುಚ್ಚಿದ್ದ ವೈನ್‌ಶಾಪು ಒಂಬತ್ತಕ್ಕೆ ತೆರೆಯುತ್ತದೆ ಎಂದರೆ ಏಳಕ್ಕೇ ಸಾಲು. ನಮ್ಮ ಬೀದಿಯ ಕೊನೆಯ ಅಂಗಡಿ ಮುಂದೆ ಸುಣ್ಣದ ಪುಡಿಯಲ್ಲಿ ಚೌಕ ಎಳೆದಿದ್ದರು. ಮನುಷ್ಯರಿಗಿಂತ ಮುಂಚೆ ಚಪ್ಪಲಿ, ಕೈಚೀಲ, ಕಲ್ಲು ಬಂದು ಆ ಚೌಕಗಳಲ್ಲಿ ಕೂತಿದ್ದವು. ಹಾಲು ತರಲು ಹೋದವನು ಸ್ವಲ್ಪ ಹೊತ್ತು ನಿಂತು ನೋಡಿದೆ. ನಮ್ಮ ಜಿಲ್ಲೆ ಆಗಿನ್ನೂ ಹಸಿರು ವಲಯ, ಅಂದರೆ ಒಂದೂ ಪ್ರಕರಣವಿಲ್ಲದ ಜಿಲ್ಲೆ. ಮೊದಲ 8 ಪ್ರಕರಣ ಗೊತ್ತಾದದ್ದು ಮೇ 10ಕ್ಕೆ, ಅಹಮದಾಬಾದಿನಿಂದ ಬಂದವರಲ್ಲಿ.

ಆ ಸಾಲಿನ ಫೋಟೋ ಎಲ್ಲ ಪೇಪರಿನಲ್ಲೂ ಬಂತು, ನಾವೆಲ್ಲ ನೋಡಿ ಬೈದೆವು. ಆದರೆ ಅದೇ ಅಂಗಡಿಯ ಎದುರಿಗೆ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇತ್ತು, ಅದರ ಫೋಟೋ ಯಾರೂ ತೆಗೆಯಲಿಲ್ಲ. ಷಟರ್ ಅರ್ಧ ಎತ್ತಿತ್ತು. ಒಳಗೆ ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಕವುಚಿ ಇಟ್ಟಿದ್ದರು. ಮೆಟ್ಟಿಲ ಮೇಲೆ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ‘ಮೇಷ್ಟ್ರೇ, ಗುರ್ತು ಸಿಕ್ತಾ?’ ಅಂದ. ಎಷ್ಟೋ ವರ್ಷದ ಹಿಂದೆ ನನ್ನ ಹತ್ತಿರ ಪಿಯುಸಿ ಅರ್ಥಶಾಸ್ತ್ರ ಓದಿದವನು. ತೀರ್ಥಹಳ್ಳಿ ಕಡೆಯವನು, ಆ ಬಾರಿನಲ್ಲಿ ಸಪ್ಲೈಯರ್. ಎದುರಿನ ಸಾಲು ತೋರಿಸಿ ಕೇಳಿದ: ‘ಅಲ್ಲಿ ಅಷ್ಟೊಂದು ವ್ಯಾಪಾರ, ನಮಗೆ ಮಾತ್ರ ಬೀಗ. ಎಂತಕ್ಕೆ ಮೇಷ್ಟ್ರೇ?’

ಸೋಂಕು ಹರಡಬಾರದಲ್ಲ ಮಾರಾಯ, ಅದಕ್ಕೆ, ಅಂದೆ. ಅದು ಸುಳ್ಳಲ್ಲ. ಮುಚ್ಚಿದ ಕೋಣೆ, ಒಂದೇ ಟೇಬಲ್ಲು, ಮುಖಕ್ಕೆ ಮುಖ ಕೊಟ್ಟು ಮೂರು ಗಂಟೆ ಮಾತು. ಆ ರೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾಗಿರಲಿಲ್ಲ. ಬಾರ್ ಮುಚ್ಚಿದ್ದು ತಪ್ಪು ಎಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಆದರೆ ಅವನು ಕೇಳಿದ್ದು ರೋಗದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ಅರ್ಥಶಾಸ್ತ್ರದ ಮೇಷ್ಟ್ರನ್ನು ಅವನು ಅರ್ಥಶಾಸ್ತ್ರವೇ ಕೇಳಿದ್ದ. ಅದಕ್ಕೆ ಉತ್ತರ ಹುಡುಕಲು ನನಗೆ ಬಹಳ ದಿನ ಹಿಡಿಯಿತು.

ಮೊದಲು ದಿನಗಳನ್ನು ಎಣಿಸೋಣ. 2020ರ ಮಾರ್ಚ್ ಮಧ್ಯದಲ್ಲೇ ರಾಜ್ಯದಲ್ಲಿ ಮಾಲ್, ಸಿನಿಮಾ ಮಂದಿರ, ಪಬ್ ಮುಚ್ಚಿಸಿದರು. ಮಾರ್ಚ್ 25ರಿಂದ ದೇಶಕ್ಕೇ ಲಾಕ್‌ಡೌನ್. ಅಲ್ಲಿಂದ ಮೇ 3ರವರೆಗೆ, ಅಂದರೆ 40 ದಿನ, ರಾಜ್ಯದಲ್ಲಿ ಮದ್ಯ ಮಾರಾಟ ಪೂರ್ತಿ ಬಂದ್. ಮೇ 4ಕ್ಕೆ ವೈನ್‌ಶಾಪು, ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್‌ನ ಅಂಗಡಿ ತೆರೆದವು. ಮೇ 9ರಿಂದ ಬಾರಿನವರಿಗೂ ಕ್ಲಬ್ಬಿನವರಿಗೂ ಇದ್ದ ಸ್ಟಾಕನ್ನು ಎಂಆರ್‌ಪಿ ದರಕ್ಕೆ ಪಾರ್ಸೆಲ್ ಕೊಡಲು ಬಿಟ್ಟರು. ಆದರೆ ಕೂತು ಕುಡಿಯುವುದಕ್ಕೆ ಅನುಮತಿ ಬಂದದ್ದು ಸೆಪ್ಟೆಂಬರ್ 1ಕ್ಕೆ, ಅದೂ ಅರ್ಧ ಕುರ್ಚಿಗೆ ಮಾತ್ರ. ಬಾಟಲಿ 40 ದಿನ ನಿಂತಿತು, ಟೇಬಲ್ಲು 160 ದಿನ ನಿಂತಿತು. ಮರುವರ್ಷ ಎರಡನೇ ಅಲೆಯಲ್ಲಿ ಏಪ್ರಿಲ್ ಕೊನೆಯಿಂದ ಮತ್ತೆ ಬೀಗ. ಆಗ ಬಾಟಲಿ ಪೂರ್ತಿ ನಿಲ್ಲಲಿಲ್ಲ, ಬೆಳಿಗ್ಗೆ 6ರಿಂದ 10ರವರೆಗೆ ಪಾರ್ಸೆಲ್ ಇತ್ತು. ಬಾರಿನ ಟೇಬಲ್ಲಿಗೆ ಮದ್ಯ ಮರಳಿದ್ದು ಜುಲೈ 5ಕ್ಕೆ. ಪಬ್ಬುಗಳಿಗೆ ಆಗಲೂ ಇಲ್ಲ.

ಇಷ್ಟು ದಿನ ಟೇಬಲ್ಲು ನಿಂತರೆ ಸರ್ಕಾರಕ್ಕೆ ನಷ್ಟ ಆಗಬೇಕಿತ್ತಲ್ಲ? ಆಗಲಿಲ್ಲ. ಏಕೆ ಆಗಲಿಲ್ಲ ಎಂದು ತಿಳಿಯಬೇಕಾದರೆ ಅಬಕಾರಿ ತೆರಿಗೆ ಎಲ್ಲಿ ವಸೂಲಾಗುತ್ತದೆ ಎಂಬುದನ್ನು ನೋಡಬೇಕು.

ನಮ್ಮಲ್ಲಿ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮ ಇದೆ. ಕೆಎಸ್‌ಬಿಸಿಎಲ್ ಅಂತ ಕರೆಯುತ್ತಾರೆ. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ಅದರ ಕೈಯಲ್ಲಿ. ಡಿಸ್ಟಿಲರಿಯಿಂದ ಬರುವ ಮಾಲು ನಿಗಮದ ಡಿಪೋ ಹಾದೇ ಬರಬೇಕು. ಬಾರಿನವನಾಗಲಿ ವೈನ್‌ಶಾಪಿನವನಾಗಲಿ ಮೊದಲು ದುಡ್ಡು ಕಟ್ಟಬೇಕು, ಆಮೇಲೆ ಇಂಡೆಂಟ್ ಅಂದರೆ ಬೇಕಾದ ಮಾಲಿನ ಪಟ್ಟಿ, ಆಮೇಲೆ ಲೋಡ್. ಅಬಕಾರಿ ಸುಂಕ, ಹೆಚ್ಚುವರಿ ಅಬಕಾರಿ ಸುಂಕ ಎರಡೂ ಆ ಬೆಲೆಯಲ್ಲೇ ಸೇರಿರುತ್ತವೆ. ಅಂದರೆ ಗಿರಾಕಿ ಬಾಟಲಿಯ ಮುಚ್ಚಳ ತಿರುಗಿಸುವ ಎಷ್ಟೋ ದಿನ ಮುಂಚೆಯೇ ಸರ್ಕಾರದ ಪಾಲು ಬೊಕ್ಕಸ ಸೇರಿಬಿಟ್ಟಿರುತ್ತದೆ. ಆಮೇಲೆ ಆ ಬಾಟಲಿ ಬಾರಿನ ಟೇಬಲ್ಲಿಗೆ ಹೋಯಿತೋ, ಮನೆಯ ಅಟ್ಟಕ್ಕೆ ಹೋಯಿತೋ, ತೋಟದ ಪಂಪ್‌ಹೌಸಿಗೆ ಹೋಯಿತೋ, ಬೊಕ್ಕಸಕ್ಕೆ ಎಲ್ಲವೂ ಒಂದೇ.

ಇನ್ನೊಂದು ಕಾರಣವೂ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟರು. ರಾಜ್ಯಗಳ ಕೈಯಲ್ಲಿ ತಾವೇ ಏರಿಸಿ ಇಳಿಸಬಹುದಾದ ತೆರಿಗೆ ಉಳಿದದ್ದು ಕೆಲವೇ ಕೆಲವು: ಮದ್ಯ, ಪೆಟ್ರೋಲು ಡೀಸೆಲ್ಲು, ವಾಹನ, ನೋಂದಣಿ. 2020ರ ಏಪ್ರಿಲಿನಲ್ಲಿ ಇವೆಲ್ಲ ಏಕಕಾಲಕ್ಕೆ ಒಣಗಿದವು. ಗಾಡಿ ಓಡಲಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಜನ ಹೋಗಲಿಲ್ಲ, ಜಿಎಸ್‌ಟಿಯಂತೂ ನೆಲ ಕಚ್ಚಿತು. ಕೊರತೆ ಬಿದ್ದರೆ ಕೇಂದ್ರ ಪರಿಹಾರ ಕೊಡಬೇಕು ಎಂದು ಕಾನೂನಿತ್ತು. ಆದರೆ ಪರಿಹಾರ ಕೊಡಲು ಇಟ್ಟಿದ್ದ ಸೆಸ್ಸೇ ಬರಲಿಲ್ಲ. ಕೊನೆಗೆ ಆ ವರ್ಷ ಕೇಂದ್ರವೇ ರಾಜ್ಯಗಳ ಪರವಾಗಿ 1.10 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ ಹಂಚಿತು. ನಮ್ಮದು ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲೇ, ದೇಶದಲ್ಲೇ ಮೊದಲು ಮಾಡಿದ ರಾಜ್ಯ. ರಾಜ್ಯದ ಉತ್ಪನ್ನದ ಶೇ 3ರಷ್ಟು ಮಾತ್ರ ಸಾಲ ಎಂದು ನಮಗೆ ನಾವೇ ಗೆರೆ ಹಾಕಿಕೊಂಡಿದ್ದೆವು. ಆ ವರ್ಷ ಗೆರೆಯನ್ನು ಶೇ 5ಕ್ಕೆ ಸರಿಸಬೇಕಾಯಿತು. ಇಲ್ಲಿ ಕೂತಿರುವ ನಿವೃತ್ತ ನೌಕರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತುಟ್ಟಿಭತ್ಯೆ ಒಂದೂವರೆ ವರ್ಷ ನಿಂತದ್ದು ಇದೇ ಕಾರಣಕ್ಕೆ.

ಇಂಥ ಹೊತ್ತಿನಲ್ಲಿ ಮೇ 4ರ ಒಂದೇ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಮರುದಿನ 197 ಕೋಟಿ. ಮೇ 6ಕ್ಕೆ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಎರಡು ಮಾತು ಹೇಳಿದರು. ಹಣಕಾಸು ಖಾತೆಯೂ ಅವರ ಬಳಿಯೇ ಇತ್ತು. ಮಾರ್ಚ್ ಬಜೆಟ್ಟಿನಲ್ಲಿ ಅಬಕಾರಿ ಸುಂಕವನ್ನು ಶೇ 6 ಏರಿಸಿದ್ದರು, ಅದರ ಮೇಲೆ ಇನ್ನೂ ಶೇ 11, ಒಟ್ಟು 17. ಅದೇ ದಿನ 1,610 ಕೋಟಿಯ ಪರಿಹಾರ ಪ್ಯಾಕೇಜು: ಹೂವು ಬೆಳೆದವರಿಗೆ ಹೆಕ್ಟೇರಿಗೆ 25 ಸಾವಿರ, ಮಡಿವಾಳರಿಗೆ, ಕ್ಷೌರಿಕರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5 ಸಾವಿರ.

ಒಂದು ಕೈಯಲ್ಲಿ ತೆಗೆದುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟರು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಕೊಡಲು ದುಡ್ಡು ಬೇರೆಲ್ಲಿಂದಲೂ ಬರುವಂತಿರಲಿಲ್ಲ. ಆದರೆ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಮದ್ಯದ ದುಡ್ಡಿನಿಂದ ಕ್ಷೌರಿಕನಿಗೆ ಸಿಕ್ಕಿತು, ಆಟೋದವನಿಗೆ ಸಿಕ್ಕಿತು. ಆ ಮದ್ಯವನ್ನು ದಿನವೂ ಟ್ರೇಯಲ್ಲಿ ಹೊತ್ತು ತಂದವನಿಗೆ ಏನೂ ಸಿಗಲಿಲ್ಲ.

ವರ್ಷದ ಕೊನೆಗೆ ಏನಾಯಿತು? 2020–21ಕ್ಕೆ ಅಬಕಾರಿ ಇಲಾಖೆಗೆ ಇಟ್ಟಿದ್ದ ಗುರಿ 22,700 ಕೋಟಿ. ಆ 40 ದಿನ ಬಾಗಿಲು ಹಾಕಿಯೂ, 160 ದಿನ ಟೇಬಲ್ಲು ನಿಂತೂ, ಇಲಾಖೆ ಗುರಿ ದಾಟಿತು. 23 ಸಾವಿರ ಕೋಟಿಗೂ ಹೆಚ್ಚು ಬಂತು. ರಾಜ್ಯದ ಸ್ವಂತ ತೆರಿಗೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಹಾಗಾದರೆ ನಷ್ಟವನ್ನು ಉಂಡವರು ಯಾರು?

ಅದಕ್ಕೆ ಮೊದಲು ಒಂದು ಸಣ್ಣ ದೃಶ್ಯ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ಬಾರ್ ತೆರೆಯುವ ಹಿಂದಿನ ವಾರ ನನ್ನ ಶಿಷ್ಯ ಫೋನ್ ಮಾಡಿ ಬನ್ನಿ ಅಂದ. ಹಿತ್ತಲಲ್ಲಿ ಬಿಯರ್ ಚೆಲ್ಲುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಬಿಯರ್ ಓಡುವುದು ಮಾರ್ಚಿನಿಂದ ಮೇವರೆಗೆ, ಮಳೆ ಹಿಡಿದ ಮೇಲೆ ಎಲ್ಲರದ್ದೂ ಬ್ರಾಂದಿ, ರಮ್. ಬೇಸಿಗೆಗೆಂದು ಮುಂಚೆಯೇ ಎತ್ತಿಟ್ಟ ಸ್ಟಾಕು. ಪಾರ್ಸೆಲ್ ಕಾಲದಲ್ಲಿ ಜನ ತಂಪಿಲ್ಲದ ಬಿಯರ್ ಮುಟ್ಟಲಿಲ್ಲ, ಗಟ್ಟಿ ಮಾಲನ್ನೇ ಒಯ್ದರು. ಬಿಯರಿಗೆ ಆಯುಷ್ಯ ಆರು ತಿಂಗಳು. ಅವಧಿ ಮುಗಿದದ್ದನ್ನು ಇಲಾಖೆಯವರ ಎದುರೇ ಚೆಲ್ಲಬೇಕು. ಬಾರಿನ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಇಬ್ಬರು ಹುಡುಗರು ಒಂದೊಂದೇ ಬಾಟಲಿಯ ಮುಚ್ಚಳ ಹಾರಿಸಿ ಚರಂಡಿಗೆ ಬಗ್ಗಿಸುತ್ತಿದ್ದರು. ಮಳೆನೀರಿನ ಮೇಲೆ ನೊರೆ ತೇಲಿಕೊಂಡು ಗೇಟಿನ ಆಚೆ ಹೋಗುತ್ತಿತ್ತು. ಇಪ್ಪತ್ತೆಂಟು ಕೇಸು. ‘ಟ್ಯಾಕ್ಸ್ ಕಟ್ಟೇ ತಂದಿದ್ದು ಸಾರ್, ಒಂದು ರೂಪಾಯೂ ವಾಪಸ್ ಬರಲ್ಲ’ ಅಂದರು ಯಜಮಾನರು. ಅಬಕಾರಿ ಲೈಸೆನ್ಸಿನ ವರ್ಷ ಶುರುವಾಗುವುದು ಜುಲೈ 1ಕ್ಕೆ. ಟೇಬಲ್ಲಿಗೆ ಬೀಗ ಇರುವಾಗಲೇ ಅವರು ಹೆಂಡತಿಯ ಬಳೆ ಅಡ ಇಟ್ಟು ಲೈಸೆನ್ಸ್ ಫೀ ಕಟ್ಟಿದ್ದರು. ಬಾರಿನ ಮಾಲೀಕ ಎಂದರೆ ನಮ್ಮ ಕಣ್ಣಿಗೆ ದೊಡ್ಡ ಕುಳ. ತಾಲ್ಲೂಕು ಕೇಂದ್ರದ ಒಂದೇ ಬಾರಿನವನ ಲೆಕ್ಕ ಬೇರೆಯದೇ.

ಆದರೂ ಅವರಿಗೆ ಅಡ ಇಡಲು ಬಳೆ ಇತ್ತು. ಆ ಹುಡುಗರಿಗೆ ಏನಿತ್ತು?

ಒಂದು ಟೇಬಲ್ಲಿನಿಂದ ಎಷ್ಟು ಜನ ಉಣ್ಣುತ್ತಾರೆ ಎಂದು ನನ್ನ ಶಿಷ್ಯ ಒಂದು ಸಂಜೆ ಕೂತು ಹೇಳಿದ. ನಾನು ಹಾಳೆಯಲ್ಲಿ ಬರೆದುಕೊಂಡೆ. ಅವರ ಬಾರಿನಲ್ಲಿ ಹನ್ನೊಂದು ಜನ: ಸಪ್ಲೈಯರ್ ನಾಲ್ವರು, ಅಡಿಗೆಯವರು ಇಬ್ಬರು, ತಂದೂರಿಗೆ ಒಬ್ಬ, ಕ್ಲೀನರ್ ಇಬ್ಬರು, ಕ್ಯಾಷಿಯರ್, ರಾತ್ರಿ ಕಾವಲಿನವನು. ಸಪ್ಲೈಯರಿಗೆ ಸಂಬಳ ಎಂದು ಸಿಗುವುದು ಅರ್ಧ ಜೀವನಕ್ಕೆ, ಉಳಿದರ್ಧ ಟಿಪ್ಸು. ಟಿಪ್ಸಿಗೆ ಯಾವ ದಾಖಲೆಯೂ ಇಲ್ಲ. ಇದು ಬಾಗಿಲ ಒಳಗಿನ ಮಾತು. ಹೊರಗೆ ಬೆಳಿಗ್ಗೆ ಮಂಗಳೂರು ಕಡೆಯಿಂದ ಮೀನು ತರುವ ಗಾಡಿಯವನು, ಕೋಳಿ ಅಂಗಡಿ, ಸೋಡಾ ಕಾರ್ಖಾನೆ ಇಟ್ಟುಕೊಂಡ ಅಣ್ಣ ತಮ್ಮ, ಈರುಳ್ಳಿ ನಿಂಬೆಹಣ್ಣು ಹಾಕುವ ಸಂತೆಯ ಹೆಂಗಸು, ಶೇಂಗಾ ಹುರಿದು ಕೊಡುವ ಮನೆ, ಬಾಗಿಲ ಪಕ್ಕದ ಬೀಡಾ ಅಂಗಡಿ, ಹತ್ತು ಗಂಟೆಗೆ ಬಂದು ನಿಲ್ಲುವ ಎರಡು ಆಟೋ, ಖಾಲಿ ಬಾಟಲಿ ಗುಜರಿಗೆ ಒಯ್ಯುವ ಮುದುಕ. ಬಾಟಲಿ ಮನೆಗೆ ಹೋದರೆ ಇವರಲ್ಲಿ ಯಾರಿಗೂ ಒಂದು ಕಾಸೂ ಇಲ್ಲ. ಬೊಕ್ಕಸಕ್ಕೆ ಮಾತ್ರ ಮೊದಲಿನಷ್ಟೇ, ಅಥವಾ ಶೇ 17 ಹೆಚ್ಚು. ಎಂತಕ್ಕೆ ಅಂತ ಅವನು ಕೇಳಿದ್ದನಲ್ಲ, ಉತ್ತರ ಇಲ್ಲಿದೆ. ಬಾಟಲಿಯನ್ನು ಬೇಗ ತೆರೆಯಿಸಲು ಸರ್ಕಾರಕ್ಕೆ ದುಡ್ಡಿನ ಅವಸರ ಇತ್ತು. ಟೇಬಲ್ಲನ್ನು ತೆರೆಯಿಸಲು ಅಂಥ ಅವಸರ ಇರಲಿಲ್ಲ.

ಜೋಗದ ದಾರಿಯಲ್ಲಿ, ಆಗುಂಬೆಯ ದಾರಿಯಲ್ಲಿ ಏಟು ಇನ್ನೂ ಜೋರು. ಜೋಗಕ್ಕೆ ಜನ ಬರುವುದೇ ಜುಲೈಯಿಂದ ಸೆಪ್ಟೆಂಬರು. ಮಳೆಗಾಲದ ಆ ಮೂರು ತಿಂಗಳ ದುಡಿಮೆಯಲ್ಲಿ ವರ್ಷ ತೂಗಿಸುವ ಬಾರು, ಖಾನಾವಳಿ, ಲಾಡ್ಜು ಅಲ್ಲಿವೆ. 2020ರಲ್ಲಿ ಆ ದುಡಿಮೆ ಹೋಯಿತು, 2021ರಲ್ಲಿ ಅರ್ಧ ಹೋಯಿತು. ನನ್ನ ಶಿಷ್ಯ ಊರಿಗೆ ಹೋಗಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾಡಿಸಿದ. ಆಗ ದಿನಕ್ಕೆ 275 ರೂಪಾಯಿ ಕೂಲಿ. ಕೆರೆ ಹೂಳು ಎತ್ತುವಾಗ ಮೊದಲ ವಾರವೇ ಅಂಗೈ ಬೊಬ್ಬೆ ಬಂತಂತೆ. ‘ಟ್ರೇ ಹಿಡಿದ ಕೈ ಮೇಷ್ಟ್ರೇ, ಹಾರೆಗೆ ಒಗ್ಗಲಿಲ್ಲ’ ಎಂದು ಕೈ ತೋರಿಸಿದ.

ನನ್ನ ಮಾತು ಕೇಳಿ ಹೆಣ್ಣುಮಕ್ಕಳ ಸಾಲಿನಲ್ಲಿ ಕೆಲವರ ಮುಖ ಗಂಟಿಕ್ಕಿದೆ. ನ್ಯಾಯವೇ. ಬಾರಿನ ಕಷ್ಟ ಹೇಳುವ ಮೇಷ್ಟ್ರಿಗೆ ಕುಡಿತದ ಮನೆಯ ಕಷ್ಟ ಗೊತ್ತಿಲ್ಲವಾ ಎಂದು ನೀವು ಕೇಳಬೇಕು. ಆ 40 ದಿನಗಳ ಬಗ್ಗೆ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಹೇಳಿದ್ದನ್ನು ನಾನು ಮರೆತಿಲ್ಲ. ಮೊದಲ ವಾರ ಗಂಡನ ಕೈಕಾಲು ನಡುಗಿ, ನಿದ್ದೆ ಬಿಟ್ಟು, ಗೋಡೆಗೆ ಮಾತಾಡುತ್ತಿದ್ದ. ಆಸ್ಪತ್ರೆಗೆ ಹೋಗಲು ಬಸ್ಸಿಲ್ಲ. ಎರಡನೇ ವಾರದಿಂದ ಊಟಕ್ಕೆ ಕೂತ. ಮೂರನೇ ವಾರ ಮಗಳ ಜಡೆ ಹೆಣೆದ. ಮೇ 4ರ ಸಾಲಿನಲ್ಲಿ ಅವನೂ ಇದ್ದ.

ಆ ನಲವತ್ತು ದಿನ ಎಲ್ಲರ ಮನೆಯಲ್ಲೂ ಹಾಗೇ ಆಯಿತು ಎಂದಲ್ಲ. ಗೇರುಹಣ್ಣಿನ ಕಾಲ, ಬೆಲ್ಲವೂ ಇತ್ತು, ಕಾಡಂಚಿನಲ್ಲಿ ಕಳ್ಳಭಟ್ಟಿ ಕಾಯಿಸಿದವರೂ ಇದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು ನಿಮಗೆ ನೆನಪಿದೆ. ಹಳ್ಳಿ ಹಳ್ಳಿಯ ಹೆಂಗಸರು ಬೀದಿಗೆ ಇಳಿದು ಗೆದ್ದ ಗೆಲುವು ಅದು. ಬೊಕ್ಕಸ ಬರಿದಾಗುತ್ತದೆ ಎಂದು ಆಗ ಹೆದರಿದ್ದರು. ಬರಿದಾಗಲಿಲ್ಲ, ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು, ಅಬಕಾರಿ ಆದಾಯ ಏರುತ್ತಲೇ ಹೋಯಿತು.

ನನಗೆ ಹೆಚ್ಚು ನೋವಾಗುವುದು ಆ 40 ದಿನಗಳ ನಂತರದ ನಾಲ್ಕು ತಿಂಗಳ ಬಗ್ಗೆ. ಅಂಗಡಿ ತೆರೆದಿತ್ತು, ಟೇಬಲ್ಲು ಮುಚ್ಚಿತ್ತು. ಕುಡಿಯುವವನು ಎಲ್ಲಿಗೆ ಹೋದ? ಮನೆಗೆ ಬಂದ. ಬಾರಿನಲ್ಲಿ ಕುಡಿದು ಮಲಗುವ ಹೊತ್ತಿಗೆ ಬರುತ್ತಿದ್ದವನು ಈಗ ಮಧ್ಯಾಹ್ನದಿಂದ ನಡುಮನೆಯಲ್ಲಿ, ಆನ್‌ಲೈನ್ ಪಾಠ ಕೇಳುವ ಮಕ್ಕಳ ಎದುರೇ ಗ್ಲಾಸಿಟ್ಟು ಕೂತ. ‘ಮುಂಚೆ ಬಾರಿನವರು ಸಾಕು ಅಂತ ಎಬ್ಬಿಸಿ ಕಳಿಸ್ತಿದ್ರು, ಈಗ ಎಬ್ಬಿಸೋರು ಯಾರು ಸಾರ್?’ ಎಂದು ಅದೇ ಅಕ್ಕ ಕೇಳಿದರು. ಟೇಬಲ್ಲಿಗೆ ಒಂದು ಗಡಿಯಾರ ಇದೆ, ಬಿಲ್ಲು ಇದೆ, ನೋಡುವ ನಾಲ್ಕು ಕಣ್ಣಿದೆ. ಮನೆಯಲ್ಲಿ ಅದ್ಯಾವುದೂ ಇಲ್ಲ. ಮನೆಗೆ ಹೋಗದವರು ತುಂಗೆಯ ದಂಡೆಗೆ, ಗದ್ದೆಯ ಬದುವಿಗೆ ಹೋದರು. ಆ ವರ್ಷ ನಾಟಿಗೆ ಇಳಿದ ಹೆಂಗಸರ ಕಾಲಿಗೆ ಗಾಜು ಚುಚ್ಚಿದ್ದನ್ನು ನಾನೇ ನೋಡಿದ್ದೇನೆ.

ಬೇರೆ ದೇಶದವರು ಏನು ಮಾಡಿದರು? ಬ್ರಿಟನ್ನಿನದೊಂದೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಪಬ್ಬು ಎಂದರೆ ನಮ್ಮ ಊರಿನ ಕಟ್ಟೆ ಇದ್ದ ಹಾಗೆ. 2020ರ ಮಾರ್ಚ್ 20ಕ್ಕೆ ಪಬ್ಬುಗಳನ್ನು ಮುಚ್ಚಿಸಿದರು. ಅದೇ ದಿನ ಒಂದು ಯೋಜನೆ ಸಾರಿದರು: ಕೆಲಸ ನಿಂತ ನೌಕರನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡಿನ ಮಿತಿಯೊಳಗೆ, ಸರ್ಕಾರವೇ ಕೊಡುತ್ತದೆ. 2021ರ ಸೆಪ್ಟೆಂಬರ್ ಕೊನೆಯವರೆಗೂ ಅದು ನಡೆಯಿತು. ಪಬ್ಬಿನವರಿಗೆ ಮಾತ್ರ ಅಲ್ಲ, ಎಲ್ಲ ಉದ್ಯೋಗಕ್ಕೂ. ಅದೊಂದಕ್ಕೇ ಸುಮಾರು 7,000 ಕೋಟಿ ಪೌಂಡು ಹೋಯಿತು. ಎರಡನೇ ಮಹಾಯುದ್ಧದ ನಂತರ ಅಷ್ಟು ಸಾಲವನ್ನು ಆ ಸರ್ಕಾರ ಎಂದೂ ಎತ್ತಿರಲಿಲ್ಲ. ಅಷ್ಟಾದರೂ ಎಷ್ಟೋ ಪಬ್ಬುಗಳು ಉಳಿಯಲಿಲ್ಲ. ನಮಗೆ ಅಷ್ಟು ಕೊಡುವ ಶಕ್ತಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅವರ ಬಳಿ ದುಡ್ಡಿಗಿಂತ ಮೊದಲು ಇದ್ದದ್ದು ಪಟ್ಟಿ. ಯಾರು ಎಲ್ಲಿ ದುಡಿಯುತ್ತಾರೆ, ಸಂಬಳ ಎಷ್ಟು ಎಂಬುದು ಸರ್ಕಾರದ ಕಂಪ್ಯೂಟರಿನಲ್ಲಿತ್ತು. ನಮ್ಮಲ್ಲಿ ಕೊಡುವ ಮನಸ್ಸು ಬಂದಿದ್ದರೂ ಯಾರಿಗೆ ಕೊಡುವುದು?

ನಾನು ಕೇಳುವುದು ಹೆಚ್ಚೇನಿಲ್ಲ. ಪ್ರತಿ ಬಾರಿನಲ್ಲೂ ಸ್ಟಾಕ್ ರಿಜಿಸ್ಟರ್ ಇದೆ. ಯಾವ ಬ್ರಾಂಡು, ಎಷ್ಟು ಎಂ.ಎಲ್., ಬೆಳಿಗ್ಗೆ ಎಷ್ಟಿತ್ತು, ರಾತ್ರಿ ಎಷ್ಟು ಉಳಿಯಿತು. ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದೇ ಅದನ್ನು. ಲೈಸೆನ್ಸ್ ನವೀಕರಿಸುವಾಗ ಅದರ ಜತೆ ಇನ್ನೊಂದು ಪಟ್ಟಿಯನ್ನೂ ಕೇಳಲಿ: ಕೆಲಸಗಾರರ ಹೆಸರು, ಊರು, ಬ್ಯಾಂಕ್ ಖಾತೆ, ಭವಿಷ್ಯನಿಧಿ ಕಟ್ಟಿದ್ದೀರಾ, ಇಎಸ್‌ಐ ಇದೆಯಾ. ಬಾಗಿಲು ಹಾಕಿಸಿದಷ್ಟು ದಿನದ ಲೈಸೆನ್ಸ್ ಫೀಯನ್ನು ಸರ್ಕಾರ ಬಿಟ್ಟುಕೊಡಲಿ, ಆದರೆ ಆ ದುಡ್ಡು ಮಾಲೀಕನ ಜೇಬಿಗೆ ಹೋಗದೆ ಆ ಪಟ್ಟಿಯವರ ಖಾತೆಗೆ ಹೋಗಲಿ. ಇದು ಹೊಸ ತೆರಿಗೆಯಲ್ಲ, ಹೊಸ ಸಾಲವೂ ಅಲ್ಲ.

ಇನ್ನೊಂದು ಮಾತು ಪಂಚಾಯಿತಿ, ಪುರಸಭೆಯವರಿಗಾಗಿ. ಬಾಟಲಿಯ ಸುಂಕ ಪೂರ್ತಿ ರಾಜ್ಯಕ್ಕೆ. ಗಾಜು ಎತ್ತುವ ಕೆಲಸ, ಚರಂಡಿ ಬಿಡಿಸುವ ಕೆಲಸ ಸ್ಥಳೀಯ ಸಂಸ್ಥೆಗೆ. ಅವರಿಗೆ ಬಾರಿನಿಂದ ಬರುವುದು ಕಟ್ಟಡದ ಕಂದಾಯ, ವ್ಯಾಪಾರ ಪರವಾನಗಿಯ ಚಿಲ್ಲರೆ ದುಡ್ಡು. ಬಾರ್ ಮುಚ್ಚಿದಾಗ ಅದೂ ಬಾಕಿ ಬಿತ್ತು. ಗದ್ದೆಯಲ್ಲಿ ಗಾಜು ಹೆಚ್ಚಾದ ವರ್ಷವೇ ಗಾಜು ಎತ್ತುವವರ ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಊರಿನಲ್ಲಿ ಮಾರಾಟವಾದ ಮದ್ಯದ ಸುಂಕದಲ್ಲಿ ಒಂದು ಸಣ್ಣ ಪಾಲನ್ನಾದರೂ ಆ ಊರಿನ ಕಸಕ್ಕೆ, ಕುಡಿತ ಬಿಡಿಸುವ ಚಿಕಿತ್ಸೆಗೆ ಮೀಸಲಿಡಬೇಕು. ಆ ಅಕ್ಕನ ಗಂಡ ಮೂರನೇ ವಾರ ಜಡೆ ಹೆಣೆದನಲ್ಲ, ಆಗ ಅವನ ಕೈ ಹಿಡಿಯಲು ಹತ್ತಿರದಲ್ಲಿ ಒಬ್ಬ ಡಾಕ್ಟರು, ಒಂದು ಹಾಸಿಗೆ ಇದ್ದಿದ್ದರೆ ಮೇ 4ರ ಸಾಲಿನಲ್ಲಿ ಒಬ್ಬ ಕಡಿಮೆ ಇರುತ್ತಿದ್ದ.

ಇಲ್ಲಿಗೆ ಬರುವ ಮುಂಚೆ ನನ್ನ ಶಿಷ್ಯನಿಗೆ ಫೋನ್ ಮಾಡಿದ್ದೆ. ನಿನ್ನ ಕತೆ ಹೇಳಲಾ ಎಂದು ಕೇಳಿದೆ. ಹೆಸರು ಹೇಳಬೇಡಿ, ಉಳಿದದ್ದೆಲ್ಲ ಹೇಳಿ ಅಂದ. ಅವನು ಮತ್ತೆ ಅದೇ ಬಾರಿಗೆ ಬಂದಿದ್ದಾನೆ. ಹನ್ನೊಂದು ಜನರಲ್ಲಿ ಮರಳಿ ಬಂದವರು ಐವರು. ಒಬ್ಬ ಅಡಿಗೆಯವನು ಎರಡನೇ ಅಲೆಯಲ್ಲಿ ತೀರಿಕೊಂಡ. ತಂದೂರಿನವನು ಉತ್ತರದ ಕಡೆಯ ತನ್ನ ಊರಿಗೆ ಹೋದವನು ಬರಲಿಲ್ಲ, ಇಬ್ಬರು ಬೆಂಗಳೂರು ಸೇರಿದರು. ಕ್ಲೀನರ್ ಹುಡುಗರಿಬ್ಬರ ಸುದ್ದಿ ಅವನಿಗೂ ತಿಳಿಯದು. ‘ಯಜಮಾನ್ರ ಹತ್ರ ಅವರ ಅಡ್ರೆಸ್ಸೂ ಇಲ್ಲ ಮೇಷ್ಟ್ರೇ’ ಅಂದ.